ಬೀದಿ ತಿರುಗುವಾಗಿನ ರಾಗ

ಗೋಡೆಯ ಆಚೆ ಏನಾದರೂ ಸದ್ದಾದರೆ ಅದೇನೆಂದು ತಿಳಿಯುವ ತನಕ ನನಗೆ ಊಟ ಸೇರುವುದಿಲ್ಲ. ಚಿಕ್ಕಂದಿನಿಂದಲೂ ಹೀಗೇ. "ಸರ್ಕಾರದವರಿಗೆ ಬುದ್ಧಿ ಇದೆ ಕಣೇ, ನಿನ್ನ ಕಿವಿಗೇ ಸಂಬಳ ಕೊಡ್ತಿದಾರೆ" ಎಂದು ಅಮ್ಮ ನಗುತ್ತಿದ್ದಳು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ನಂಜನಗೂಡಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೆ. ಆಗ ಊರಿನಲ್ಲಿ ಯಾರೂ ತಾವೇ ನಂಬರು ತಿರುಗಿಸುವ ಹಾಗಿರಲಿಲ್ಲ. ಅವರು ರಿಸೀವರ್ ಎತ್ತಿದರೆ ನಮ್ಮ ಬೋರ್ಡಿನಲ್ಲಿ ಒಂದು ಪುಟ್ಟ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ನಾವು ನಂಬರ್ ಕೇಳಿ, ಆ ನಂಬರಿನ ತೂತಿಗೆ ವೈರು ಚುಚ್ಚಿ ಮಾತು ಕೂಡಿಸುತ್ತಿದ್ದೆವು.

ಈ ಕೆಲಸದಲ್ಲಿ ನನಗೆ ಬಹಳ ಇಷ್ಟವಾಗಿದ್ದು ಲೈನ್ ಟೆಸ್ಟು. ಪಕ್ಕದ ಊರಿನ ಲೈನು ಸರಿಯಾಗಿದೆಯೇ ಎಂದು ದಿನವೂ ಅಲ್ಲಿಯ ಆಪರೇಟರ್ ಜೊತೆ ಒಂದಷ್ಟು ಹೊತ್ತು ಮಾತಾಡಿ, ದನಿ ಸ್ಪಷ್ಟವಾಗಿದ್ದರೆ 'ಲೈನ್ ಓಕೆ' ಎಂದು ಬರೆದುಕೊಳ್ಳಬೇಕು. ಏನು ಮಾತಾಡಬೇಕು ಎಂದು ಯಾವ ರೂಲಿನಲ್ಲೂ ಇರಲಿಲ್ಲ. ಹೆಚ್ಚಿನವರು ಒಂದು ಎರಡು ಮೂರು ಎಣಿಸಿ ಮುಗಿಸುತ್ತಿದ್ದರು. ನಾನೂ ಟಿ. ನರಸೀಪುರದ ಆಪರೇಟರೂ ಬ್ಯಾಂಡಿನ ವಿಷಯಕ್ಕೆ ಜಗಳ ಆಡುತ್ತಿದ್ದೆವು.

ಅವರ ಮುಖವನ್ನು ನಾನು ನೋಡಿರಲಿಲ್ಲ. ಆಪರೇಟರುಗಳು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದ ಕರೆಯುವುದು ವಾಡಿಕೆ. ಅವರಿಗೆ ನಾನು 'ನಂಜನಗೂಡು', ನನಗೆ ಅವರು 'ನರಸೀಪುರ'. ನನ್ನ ಹಾಗೆ ಹೆಂಗಸೇ, ಗಟ್ಟಿ ದನಿ ಅವರದು, ಆದರೆ ಒರಟಲ್ಲ. ನಕ್ಕರೆ ನನ್ನ ಹೆಡ್‌ಫೋನಿನ ತಗಡು ಗುಯ್ ಎನ್ನುತ್ತಿತ್ತು. ಆ ದನಿಯನ್ನು ಸಂತೆಯ ಗದ್ದಲದಲ್ಲೂ ಗುರುತು ಹಿಡಿಯಬಲ್ಲೆ ಎಂಬ ಜಂಬ ನನಗಿತ್ತು.

ಬ್ಯಾಂಡು ಅಂದರೆ ಬ್ಯಾಂಡ್ ಸೆಟ್ಟು. ಮದುವೆ ಮೆರವಣಿಗೆಯ ಮುಂದೆ ಕೋಟು, ಟೋಪಿ ಹಾಕಿಕೊಂಡು ಬಾರಿಸುತ್ತ ಊದುತ್ತ ಹೋಗುವವರು. ನಮ್ಮೂರಿನ ಸೆಟ್ಟಿನದು ಕೆಂಪು ಕೋಟು. ಎದೆಯ ಮೇಲೆ ದೊಡ್ಡ ಡ್ರಮ್ಮು ಹೊತ್ತವರು, ಸೊಂಟಕ್ಕೆ ಸೈಡ್ ಡ್ರಮ್ಮು ಕಟ್ಟಿದವರು, ತುತ್ತೂರಿಯವರು ಎಲ್ಲರೂ ಇದ್ದರು. ಆದರೆ ನಮ್ಮ ಬ್ಯಾಂಡಿನ ಜೀವ ಇದ್ದದ್ದು ಒಂದು ಕ್ಲಾರಿನೆಟ್ಟಿನಲ್ಲಿ. ಅದನ್ನು ಊದುತ್ತಿದ್ದವರು ಹಗಲು ಮನೆಗಳಿಗೆ ಸುಣ್ಣ ಬಳಿಯುತ್ತಿದ್ದರು. ತೆಳ್ಳಗಿನ ಮನುಷ್ಯ, ಹುಬ್ಬಿನ ಮೇಲೆ ಸದಾ ಸುಣ್ಣದ ಚುಕ್ಕಿ. ಬೀದಿಯಲ್ಲಿ ನಡೆದು ಹೋದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ಊದಲು ನಿಂತರೆ ಮಾತ್ರ ಮಕ್ಕಳು ಮರಿ ಎಲ್ಲ ಓಡಿಬರುತ್ತಿದ್ದವು.

ಮೆರವಣಿಗೆ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ತಿರುಗುವಾಗ ಅವರು ಒಂದು ರಾಗ ಊದುತ್ತಿದ್ದರು. ಯಾವ ಸಿನಿಮಾದ್ದೂ ಅಲ್ಲ, ದೇವರ ನಾಮವೂ ಅಲ್ಲ, ಅವರದ್ದೇ. ಸಣ್ಣದು, ಮೂಲೆ ದಾಟುವಷ್ಟರಲ್ಲಿ ಮುಗಿದೇ ಹೋಗುತ್ತಿತ್ತು. ಆ ರಾಗ ಕೇಳಿದರೆ ಮೆರವಣಿಗೆ ನಮ್ಮ ಬೀದಿಗೆ ಬಂತು ಎಂದು ಅರ್ಥ. ಹೆಂಗಸರು ಒಲೆಯ ಉರಿ ತಗ್ಗಿಸಿ, ಕೈ ಒರೆಸಿಕೊಂಡು ಜಗಲಿಗೆ ಬರುತ್ತಿದ್ದರು. ನಾನು ಲಂಗ ಹಾಕುತ್ತಿದ್ದ ಕಾಲದಿಂದ ಆ ರಾಗ ನನಗೆ ಬಾಯಿಪಾಠ. ಮದುವೆಯಿಲ್ಲದೆ ನಾನು ವಯಸ್ಸು ಮೀರುತ್ತಿದ್ದೆನಾದ್ದರಿಂದ ಅಮ್ಮನಿಗೆ ಅದನ್ನು ಕೇಳಿದಾಗಲೆಲ್ಲ ಹೊಟ್ಟೆಯುರಿ. "ಎಲ್ಲರ ಮನೆ ಬಾಗಿಲಿಗೂ ತಿರುಗ್ತಾನೆ, ನಮ್ಮ ಮನೆಗೆ ಮಾತ್ರ ದಾರಿ ಗೊತ್ತಿಲ್ಲ ಅವನಿಗೆ" ಎಂದು ಆ ಬಡಪಾಯಿಯನ್ನೇ ಬೈಯುತ್ತಿದ್ದಳು.

ನರಸೀಪುರದವರಿಗೆ ನೀಲಿ ಕೋಟಿನ ಬ್ಯಾಂಡ್ ಸೆಟ್ಟು ಇತ್ತು. ಬನ್ನೂರಿನವರಿಗೂ ಒಂದಿತ್ತು. ಗಣಪತಿ ಹಬ್ಬ ಕಳೆದ ಮೇಲೆ ನರಸೀಪುರದ ವ್ಯಾಪಾರಸ್ಥರು ಸೇರಿ ಪ್ರತಿ ವರ್ಷ ಬ್ಯಾಂಡ್ ಪಂದ್ಯ ನಡೆಸುತ್ತಿದ್ದರು. ಪ್ರತಿ ಸೆಟ್ಟೂ ದೊಡ್ಡ ಬೀದಿಯುದ್ದಕ್ಕೂ ಬಾರಿಸುತ್ತ ಬಂದು, ಹೊಳೆಯ ಕಡೆಯ ಮೂಲೆಯಲ್ಲಿ ತಿರುಗಿ, ಮೈದಾನದಲ್ಲಿ ಹಾಕಿದ ಪೆಂಡಾಲಿನ ಮುಂದೆ ನಿಲ್ಲಬೇಕು. ಗೆದ್ದವರಿಗೆ ಬೆಳ್ಳಿ ಕಪ್ಪು ಸಿಗುತ್ತಿತ್ತು. ಕಪ್ಪಿಗಿಂತ ಹೆಚ್ಚಾಗಿ, ಮುಂದಿನ ಸುಗ್ಗಿಯ ಮದುವೆಗಳೆಲ್ಲ ಗೆದ್ದ ಸೆಟ್ಟಿಗೆ ಹೋಗುತ್ತಿದ್ದವು. ಹಾಗಾಗಿ ಮೂರೂ ಊರಿನ ಜನಕ್ಕೆ ಅದು ತಮ್ಮ ಮನೆಯ ವ್ಯವಹಾರವೇ ಆಗಿತ್ತು.

ಒಂದು ದಿನ ಲೈನ್ ಟೆಸ್ಟಿನಲ್ಲಿ ನರಸೀಪುರ ಕೆಣಕಿದರು. "ಏನ್ರೀ ನಂಜನಗೂಡು, ನಿಮ್ಮ ಬ್ಯಾಂಡಲ್ಲಿ ಅಂಥದೇನಿದೆ? ನಮ್ಮ ತುತ್ತೂರಿಯವನು ಒಬ್ಬ ಎದ್ದು ನಿಂತ್ರೆ ನಿಮ್ಮೋರೆಲ್ಲ ಕೂತ್ಕೋಬೇಕು."

"ನಮ್ಮ ತಿರುವಿನ ರಾಗ ಕೇಳಿದೀರಾ?" ಎಂದೆ.

"ಎಲ್ಲೋ ಕಿವಿ ಮೇಲೆ ಬಿದ್ದಿರ್ಬೇಕು. ಹೇಗಿದೆ ಹೇಳಿ ನೋಡೋಣ."

ಬೋರ್ಡಿನಲ್ಲಿ ಯಾವ ಮುಚ್ಚಳವೂ ಬಿದ್ದಿರಲಿಲ್ಲ. ನಾನು ಮೌತ್‌ಪೀಸಿಗೆ ಬಾಯಿ ಹತ್ತಿರ ತಂದು ಹಾಡಿಯೇಬಿಟ್ಟೆ. ಆ ಕಡೆ ಸದ್ದಿಲ್ಲ. ಲೈನು ಸತ್ತಿತೇನೋ ಎಂದುಕೊಂಡೆ. ಆಮೇಲೆ ನರಸೀಪುರ, "ಇನ್ನೊಂದ್ಸಲ ಅನ್ನಿ" ಎಂದರು. ಅಂದಿನಿಂದ ಅದು ನಮ್ಮಿಬ್ಬರ ಆಟವಾಯಿತು. ನಾನು ಹಾಡುವುದು, ಅವರು ತಿರುಗಿ ಒಪ್ಪಿಸುವುದು. ಅವರ ಗಂಟಲಿನಲ್ಲಿ ಅದು ನನ್ನದಕ್ಕಿಂತ ಚೆನ್ನಾಗಿ ಬರುತ್ತಿತ್ತು ಎಂದು ಒಪ್ಪಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು.

ಒಮ್ಮೆ ಮಾತ್ರ ಜೋರು ಜಗಳವಾಯಿತು. "ಮೊನ್ನೆ ನಮ್ಮ ಬೀದೀಲಿ ನಿಮ್ಮೂರ ದಿಬ್ಬಣ ಬಂದಿತ್ತು ಕಣ್ರೀ, ಕೇಳಿದೆ. ಕೊನೇಲಿ ರಾಗ ಕೆಳಗೆ ಬಂತು. ನೀವು ಮೇಲೆ ತಗೊಂಡು ಹೋಗ್ತೀರಲ್ಲ?" ಎಂದರು.

ನನಗೆ ಪಿತ್ತ ನೆತ್ತಿಗೇರಿತು. "ನಮ್ಮೂರ ರಾಗ ನನಗೆ ನೀವು ಕಲಿಸ್ತೀರಾ? ಅದು ಮೇಲೇ ಹೋಗೋದು. ಮೊದಲು ಕಿವಿ ತೊಳೆಸ್ಕೊಳ್ಳಿ."

"ಆಯ್ತು ಮಹಾತಾಯಿ, ಮೇಲೇ ಹೋಗ್ತೀನಿ" ಎಂದು ಅವರು ನಕ್ಕರು. ಆಮೇಲೆ ಅವರು ಎಂದೂ ಕೆಳಗೆ ಇಳಿಸಲಿಲ್ಲ.

ಎಂಬತ್ತರ ದಶಕ ಶುರುವಾದ ಒಂದು ಆಷಾಢದಲ್ಲಿ ಎಲ್ಲ ತಲೆಕೆಳಗಾಯಿತು. ಆಷಾಢದಲ್ಲಿ ಮದುವೆಗಳಿಲ್ಲವಾದ್ದರಿಂದ ಬ್ಯಾಂಡಿನವರಿಗೆ ಅದು ಹೊಸ ವರ್ಷದ ಪಾಠ ಕಲಿಯುವ ತಿಂಗಳು. ಅವರು ಅಭ್ಯಾಸ ಮಾಡುತ್ತಿದ್ದುದು ನಮ್ಮ ಎಕ್ಸ್‌ಚೇಂಜಿನ ಹಿಂದಿದ್ದ ಅಕ್ಕಿ ಗಿರಣಿಯ ಅಂಗಳದಲ್ಲಿ. ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಆ ವರ್ಷ ಡ್ರಮ್ಮು ಕೇಳಿಸಿತು, ಕ್ಲಾರಿನೆಟ್ಟು ಕೇಳಿಸಲಿಲ್ಲ. ಒಂದು ದಿನ ಕಾದೆ, ಎರಡು ದಿನ ಕಾದೆ. ಕೊನೆಗೆ ನಮ್ಮ ಲೈನ್‌ಮನ್ನನ್ನು ಕೇಳಿದೆ. ಅವನು ಊರೆಲ್ಲ ತಿರುಗುವವನು, ಕಂಬ ಹತ್ತಿ ನಿಂತರೆ ಊರಿನ ಸುದ್ದಿಯೆಲ್ಲ ಅವನಿಗೆ ಕಾಣುತ್ತಿತ್ತು.

"ಅಯ್ಯೋ ಗೊತ್ತಿಲ್ವಾ ಮೇಡಮ್ಮಾರೆ" ಎಂದ. "ಕ್ಲಾರ್ನೆಟ್ಟಿನ ಅಣ್ಣ ಉಸ್ರು ಕಟ್ಕೊಂಡು ಆಸ್ಪತ್ರೇಲಿ ಮಲಗಿದ್ದ. ಎದೆ ತುಂಬ ಸುಣ್ಣ ಕೂತದಂತೆ. ಇನ್ ಮ್ಯಾಕೆ ಊದಂಗೇ ಇಲ್ಲ ಅಂದವ್ರೆ ಡಾಕ್ಟ್ರು."

ಸುದ್ದಿ ಊರೆಲ್ಲ ಹರಡಿತು. ಹೋಟೆಲಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ನೀರಿನ ನಲ್ಲಿಯ ಹತ್ತಿರ ಎಲ್ಲ ಕಡೆ ಇದೇ ಚರ್ಚೆ. ಕ್ಲಾರಿನೆಟ್ ಇಲ್ಲದೆ ನಮ್ಮದು ಯಾವ ಸೀಮೆಯ ಬ್ಯಾಂಡು? ಪೇಟೆಯ ಯಜಮಾನರು ಮೈಸೂರಿನಿಂದ ಒಬ್ಬ ಕ್ಲಾರಿನೆಟ್ಟಿನವನನ್ನು ಕರೆಸುವ ಮಾತಾಡಿದರು. ಬ್ಯಾಂಡ್ ಮಾಸ್ಟರು ಒಪ್ಪಲಿಲ್ಲ. ಈ ವರ್ಷ ಬರೀ ಡ್ರಮ್ಮು, ತುತ್ತೂರಿಯೂ ಇಲ್ಲ ಎಂದುಬಿಟ್ಟರು. ಊರಿನವರಿಗೆ ಸಿಡಿಲು ಬಡಿದ ಹಾಗಾಯಿತು.

ನಮ್ಮ ಎಕ್ಸ್‌ಚೇಂಜಿನಲ್ಲೇ ಪಕ್ಷಗಳಾದವು. ಲೈನ್‌ಮನ್ನು ಡ್ರಮ್ಮಿನ ಪಕ್ಷ. "ಡ್ರಮ್ಮೇ ಬ್ಯಾಂಡು ಕಣ್ರೀ ಮೇಡಮ್ಮಾರೆ. ಊದಾದೆಲ್ಲ ಉಪ್ಪಿನಕಾಯಿ, ಇದ್ರೆ ನೆಕ್ಕದು, ಇಲ್ದಿದ್ರೆ ಉಣ್ಣಾಕಿಲ್ವಾ?" ಎಂದ. ನಮ್ಮ ಸೂಪರ್‌ವೈಸರು ಮಠದ ಪಾಠಶಾಲೆಯಲ್ಲಿ ಓದಿದ ಹಿರಿಯರು, ನಾಗಸ್ವರ ಬಿಟ್ಟು ಬೇರೆ ಯಾವುದನ್ನೂ ಸಂಗೀತ ಎಂದು ಒಪ್ಪದವರು. ಅವರು ಕನ್ನಡಕದ ಮೇಲಿಂದ ನೋಡಿ, "ಗಲಾಟೆಯಲ್ಲಿ ಒಂದು ಗಲಾಟೆ ಕಮ್ಮಿ ಆಯ್ತು ಅಂದ್ಕೊಳ್ಳಿ" ಎಂದರು. ನಾನು ಆ ಇಬ್ಬರ ಜೊತೆಗೂ ಮಾತು ಬಿಟ್ಟೆ.

ನನ್ನ ಹತ್ತಿರ ಒಂದು ಲೇಡೀಸ್ ಸೈಕಲ್ ಇತ್ತು. ಮಾಸ್ಟರಿಗೆ ಸೈಕಲ್ ಶಾಪ್ ಇತ್ತು. ಟ್ಯೂಬಿನಲ್ಲಿ ಗಾಳಿ ಚೆನ್ನಾಗಿಯೇ ಇದ್ದರೂ ಪಂಕ್ಚರ್ ನೆಪ ಮಾಡಿಕೊಂಡು ಹೋದೆ. ಅವರು ಟ್ಯೂಬನ್ನು ಹೊರಗೆಳೆದು ನೀರಿನ ಬಾಣಲೆಯಲ್ಲಿ ಅದ್ದಿ ಅದ್ದಿ ನೋಡಿದರು. ಗುಳ್ಳೆ ಬರಲಿಲ್ಲ.

"ಪಂಚರ್ ಇಲ್ವಲ್ಲಮ್ಮ."

"ನಿಮ್ಮ ಬ್ಯಾಂಡಿಗಾಗಿದೆ" ಎಂದೆ. "ಅಷ್ಟು ವರ್ಷದ ಹೆಸರು ಅದು. ಒಂದೇ ಸಲ ಮೂಗು ಕೊಯ್ದು ಕಳಿಸ್ತಿದೀರಲ್ಲ, ನಿಮಗೇನನ್ನಿಸಲ್ವೇ?"

ಮಾಸ್ಟರು ಕೋಪ ಮಾಡಿಕೊಳ್ಳಲಿಲ್ಲ. ಟ್ಯೂಬನ್ನು ಟೈರಿನೊಳಗೆ ಸೇರಿಸುತ್ತಲೇ ಮಾತಾಡಿದರು. "ಮೈಸೂರಿನವನನ್ನ ಕರ್ಸೋದು ಕಷ್ಟವಲ್ಲಮ್ಮ. ಅವನು ಬಂದು ಆ ರಾಗ ಊದ್ತಾನೆ, ತುತ್ತೂರಿಯವ್ರಿದ್ರೆ ಅವ್ರೂ ಊದ್ತಾರೆ, ನಮ್ಮೋನು ಬೀದಿ ಬದೀಲಿ ನಿಂತು ಕೇಳ್ಬೇಕು. ನೀವಾದ್ರೆ ನಿಲ್ತೀರಾ?"

ಸುಮ್ಮನಿರುವ ಜಾಯಮಾನ ನನ್ನದಲ್ಲ. "ಹಾಗಾದ್ರೆ ಅವರನ್ನೇ ಕೇಳ್ತೀನಿ" ಎಂದು ಹೊರಟೆ.

ಅವರು ಗಿರಣಿಯ ಮುಂದಿನ ಕಲ್ಲಿನ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಒಳಗೆ ಡ್ರಮ್ಮು ನಡೆಯುತ್ತಿತ್ತು. ಹುಬ್ಬಿನ ಮೇಲೆ ಸುಣ್ಣದ ಚುಕ್ಕಿ ಇಲ್ಲದಿದ್ದುದರಿಂದ ಮುಖ ಬೇರೆಯವರದೇ ಎನ್ನಿಸಿತು. ನಾನು ಯಾರ ಮಗಳು ಎಂದು ಹೇಳಿದೆ. ಆ ರಾಗ ಎಲ್ಲಿಂದ ಬಂತು ಎಂದು ಕೇಳಿದೆ. ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದ ಪ್ರಶ್ನೆ ಅದು.

ಅವರು ನಕ್ಕರು. ನಗುವಿನ ಹಿಂದೆಯೇ ಕೆಮ್ಮು ಬಂತು. "ಎಲ್ಲಿಂದ್ಲೂ ಬರ್ಲಿಲ್ಲ ಕಣವ್ವ. ಬೀದಿ ತಿರುಗಾವಾಗ ಒಳಗಡೆ ಇರೋರು ಸಣ್ಣ ಎಜ್ಜೆ ಇಕ್ಬೇಕು, ಒರಗಡೆ ಇರೋರು ದೊಡ್ಡೆಜ್ಜೆ ಇಕ್ಬೇಕು. ಆಗ ನಮ್ಮ ಡ್ರಮ್ಮಿನೋರೆಲ್ಲ ಒಬ್ಬರ ಮ್ಯಾಲೊಬ್ರು ಬಿದ್ದು ತಾಳ ಕೆಡುಸ್ಕೊಳೋರು. ಅವರು ಸಾಲು ಸರಿ ಮಾಡ್ಕೊಳೋಗಂಟ ಜನ ಆ ಕಡೆ ನೋಡ್ದಂಗೆ ಏನಾರ ಊದ್ಬೇಕಿತ್ತು. ಊದ್ದೆ."

ಇಷ್ಟು ದಿನ ನಾನು ಅದಕ್ಕೆ ಏನೇನೋ ಕಥೆ ಕಟ್ಟಿಕೊಂಡಿದ್ದೆ. ಇದು ಅದಕ್ಕಿಂತ ಚೆನ್ನಾಗಿತ್ತು. "ಬೇರೆಯವರು ಊದಿದರೆ ನಿಮಗೆ ಬೇಜಾರೇ?" ಎಂದು ನೇರ ಕೇಳಿಬಿಟ್ಟೆ.

ಅವರು ಕಂಬಳಿಯ ಅಂಚನ್ನು ಎಳೆದುಕೊಂಡರು. "ಸಾಲಲ್ಲಿ ನಡ್ಯಾಕೆ ನಂಗಿನ್ನೂ ಕಾಲು ಅವೆ ಕಣವ್ವ. ಊದಾಕಾಗಕಿಲ್ಲ ಅಷ್ಟೆ. ನನ್ನ ಜಾಗ್ದಲ್ಲಿ ಇನ್ನೊಬ್ಬ ನಿಂತ್ಕೊಂಡು ಅದ್ನೇ ಊದ್ಬುಟ್ರೆ, ಆಮ್ಯಾಕೆ ನಾನು ಬ್ಯಾಂಡ್ನೋನು ಅಂತ ಯಾರಿಗೇಳ್ಲಿ? ಸುಣ್ಣ ಬಳ್ಯಾದೂ ಓಯ್ತು. ಇದ್ದುದ್ದು ಅದೊಂದೇಯ."

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತ, "ಇನ್ನು ಮೇಲೆ ಅವನನ್ನ ಬೈಯಲ್ಲ ಬಿಡು" ಎಂದಳು.

ಆಮೇಲಿನ ದಿನಗಳಲ್ಲಿ ಗೋಡೆಯ ಆಚೆಯಿಂದ ಒಂದು ವಿಚಿತ್ರ ಕೇಳತೊಡಗಿತು. ಡ್ರಮ್ಮುಗಳು ಜೋರಾಗಿ ಬರುತ್ತವೆ, ಏರುತ್ತವೆ, ಇದ್ದಕ್ಕಿದ್ದಂತೆ ನಿಂತುಹೋಗುತ್ತವೆ. ಆಮೇಲೆ ಬರೀ ಬೂಟುಗಾಲಿನ ಸದ್ದು. ಒಂದಷ್ಟು ಹೊತ್ತು ಅಷ್ಟೇ. ಮತ್ತೆ ಡ್ರಮ್ಮು. ಮೊದಲು ಯಾರೋ ತಪ್ಪು ಮಾಡಿದರು ಎಂದುಕೊಂಡೆ. ಆದರೆ ದಿನವೂ ಅದೇ ಜಾಗದಲ್ಲಿ ನಿಲ್ಲುತ್ತಿತ್ತು, ಅಷ್ಟೇ ಹೊತ್ತು ನಿಲ್ಲುತ್ತಿತ್ತು. ನಾನು ಕುತೂಹಲ ತಡೆಯಲಾರದೆ ಅವರು ನಿಲ್ಲಿಸಿದ ಕೂಡಲೇ ತಿರುವಿನ ರಾಗವನ್ನು ಮನಸ್ಸಿನಲ್ಲೇ ಹಾಡಿ ನೋಡಿದೆ. ನಾನು ಮುಗಿಸುವುದಕ್ಕೂ ಡ್ರಮ್ಮು ಮತ್ತೆ ಬೀಳುವುದಕ್ಕೂ ಸರಿಹೋಯಿತು. ಮಾಸ್ಟರು ಆ ಜಾಗವನ್ನು ಖಾಲಿ ಬಿಟ್ಟಿದ್ದರು.

ಖಾಲಿ ಬಿಟ್ಟದ್ದು ಯಾಕೆ ಎಂಬುದೇ ಈಗ ಊರಿನ ಚರ್ಚೆ. ಮೈಸೂರಿನವನನ್ನು ಗುಟ್ಟಾಗಿ ಕರೆಸಿದ್ದಾರೆ, ಪಂದ್ಯದ ದಿನ ತಂದು ನಿಲ್ಲಿಸುತ್ತಾರೆ ಎಂದು ಕೆಲವರು. ಟೇಪ್ ರೆಕಾರ್ಡರ್ ಇಡುತ್ತಾರೆ ಎಂದು ಕೆಲವರು. ಹೆಮ್ಮರಗಾಲದಿಂದ ಗಿರಣಿಗೆ ಭತ್ತ ತಂದಿದ್ದ ರೈತನೊಬ್ಬ, "ಅಲ್ಲೀಗಂಟ ಬಾರ್ಸಿ ಸುಸ್ತಾಗಿರ್ತದೆ, ಉಸ್ರು ಬುಡ್ತಾರೆ" ಎಂದು ಎರಡೇ ಮಾತಿನಲ್ಲಿ ಬಗೆಹರಿಸಿದ. ಆ ಖಾಲಿಯಲ್ಲಿ ಬೇರೆ ಯಾರಾದರೂ ಊದಿದರೆ ಕ್ಲಾರಿನೆಟ್ಟಿನವರ ಜಾಗ ಹೋದ ಹಾಗೆ, ಅದನ್ನು ನೆನೆದು ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಮತ್ತೆ ಮಾಸ್ಟರ ಹತ್ತಿರ ಹೋದೆ. ಈ ಸಲ ಸೈಕಲ್ ತಗೊಂಡು ಹೋಗಲಿಲ್ಲ. ಅವರು ನನ್ನನ್ನು ನೋಡಿದ ಕೂಡಲೇ, "ಅಲ್ಲಿ ಯಾರೂ ಊದಲ್ಲಮ್ಮ" ಎಂದರು. "ಅದು ಅವನ ಜಾಗ. ಅವನು ಮುಂದಿನ ಸಾಲಲ್ಲಿ ಕ್ಲಾರಿನೆಟ್ ಹಿಡ್ಕೊಂಡು ನಡೀತಾನೆ. ಮೂಲೆ ಬಂದಾಗ ನಾವೆಲ್ಲ ಬಾಯಿ ಮುಚ್ಕೊಂಡು ತಿರುಗ್ತೀವಿ."

ಮರುದಿನ ಲೈನ್ ಟೆಸ್ಟಿನಲ್ಲಿ ನರಸೀಪುರಕ್ಕೆ ಹೇಳಿದೆ. ಅಷ್ಟು ಹೊತ್ತಿಗೆ ಊರಿಗೆಲ್ಲ ಗೊತ್ತಾಗಿದ್ದ ಸುದ್ದಿ ಅದು.

"ಮೌನಕ್ಕೆ ಮಾರ್ಕು ಕೊಡ್ತಾರೇನ್ರೀ?" ಎಂದರು ಅವರು. "ಜಡ್ಜುಗಳು ಮೈಸೂರಿನೋರು. ಅವರಿಗೆ ನಿಮ್ಮ ರಾಗವೂ ಗೊತ್ತಿಲ್ಲ, ಅದು ಇಲ್ಲ ಅನ್ನೋದೂ ಗೊತ್ತಿಲ್ಲ. ಮರೆತು ನಿಂತ್ರು ಅಂದ್ಕೋತಾರೆ."

"ನನಗೂ ಅದೇ ಹೆದರಿಕೆ."

"ನಮ್ಮೋರು ಶಿಳ್ಳೆ ಹೊಡೀತಾರೆ, ಗೊತ್ತಲ್ಲ? ಆ ಮನುಷ್ಯ ಅಷ್ಟು ಜನದ ಮುಂದೆ ಮೂಗನ ಹಾಗೆ ನಡೀಬೇಕು."

ನಾನು ಅಷ್ಟು ದೂರ ಯೋಚಿಸಿರಲಿಲ್ಲ. "ನೀವು ಬರ್ತೀರಾ ಪಂದ್ಯಕ್ಕೆ?" ಎಂದು ಕೇಳಿದೆ.

"ಎಲ್ಲಿ ಬರ್ಲಿ, ರಜ ಸಿಕ್ಕಲ್ಲ. ಬೋರ್ಡಿನ ಮುಂದೆ ಕೂತು ಡ್ರಮ್ಮು ಕೇಳ್ತೀನಿ. ಲೈನ್ ಓಕೆ, ಬರ್ಕೊಳ್ಳಿ" ಎಂದು ಇಟ್ಟರು.

ಪಂದ್ಯದ ದಿನ ನಾನೂ ಅಮ್ಮನೂ ಬಸ್ಸಿನಲ್ಲಿ ಹೋದೆವು. ಲೈನ್‌ಮನ್ನು ನಮಗೆ ಸೀಟು ಹಿಡಿದಿದ್ದ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅದೇ ವಾದ; ಮಾಸ್ಟರಿಗೆ ಹುಚ್ಚು ಎನ್ನುವವರು, ಗಂಡಸು ಎನ್ನುವವರು. ಕಂಡಕ್ಟರು ಟಿಕೆಟ್ ಕೊಡುವುದು ಬಿಟ್ಟು ಒಬ್ಬರ ಪಕ್ಷ ಹಿಡಿದ. ನರಸೀಪುರದಲ್ಲಿ ಇಳಿದು ನಾವು ಹೊಳೆಯ ಕಡೆಯ ಮೂಲೆಗೇ ಹೋಗಿ ನಿಂತೆವು. ಜಗಲಿಗಳ ಮೇಲೆ, ತಾರಸಿಗಳ ಮೇಲೆ ಹೆಂಗಸರು. ಕೆಳಗೆ ಗಂಡಸರು. ತಿರುವಿನಲ್ಲೇ ನರಸೀಪುರದ ಪಡ್ಡೆ ಹುಡುಗರು ನಿಂತಿದ್ದರು.

ಬನ್ನೂರಿನವರು ಮೊದಲು ಬಂದು ಹೊಸ ಸಿನಿಮಾ ಹಾಡುಗಳನ್ನೆಲ್ಲ ಊದಿ ಹೋದರು. ನೀಲಿ ಕೋಟಿನವರ ತುತ್ತೂರಿಗೆ ಕಿವಿ ಕಿತ್ತುಹೋಗುವಷ್ಟು ಚಪ್ಪಾಳೆ. ಆಮೇಲೆ ದೊಡ್ಡ ಬೀದಿಯ ಆ ತುದಿಯಲ್ಲಿ ನಮ್ಮ ಕೆಂಪು ಕಾಣಿಸಿತು.

ಡ್ರಮ್ಮು ಚೆನ್ನಾಗಿತ್ತು. ನಾನು ಒಪ್ಪಿಕೊಳ್ಳಲೇಬೇಕು, ಅಷ್ಟು ಚೆನ್ನಾಗಿರುತ್ತದೆ ಎಂದು ಎಣಿಸಿರಲಿಲ್ಲ. ಊದುವವರಿಲ್ಲದೆ ಡ್ರಮ್ಮಿನವರಿಗೇ ಮಾತು ಬಂದಿತ್ತು. ಸೈಡ್ ಡ್ರಮ್ಮಿನವರು ಒಬ್ಬರನ್ನೊಬ್ಬರು ಕೇಳಿ ಉತ್ತರ ಕೊಟ್ಟ ಹಾಗೆ ಬಾರಿಸುತ್ತಿದ್ದರು. ಲೈನ್‌ಮನ್ನು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ಮುಂದಿನ ಸಾಲಿನ ನಡುವೆ ಅವರು ಬರುತ್ತಿದ್ದರು, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಕ್ಲಾರಿನೆಟ್ಟನ್ನು ಎದೆಗೆ ಅಡ್ಡ ಹಿಡಿದುಕೊಂಡು. ಕೋಟು ಒಂದು ಅಳತೆ ದೊಡ್ಡದಾಗಿತ್ತು. ಕಣ್ಣು ನೆಲದ ಮೇಲಿತ್ತು.

ಮೂಲೆಗೆ ಬಂದ ಕೂಡಲೇ ಡ್ರಮ್ಮು ನಿಂತಿತು.

ಗೋಡೆಯ ಆಚೆ ಕೇಳಿದಾಗ ಆ ಖಾಲಿ ಸಣ್ಣದಾಗಿತ್ತು. ಬೀದಿಯಲ್ಲಿ, ಅಷ್ಟು ಜನರ ನಡುವೆ, ಅದು ಮುಗಿಯುವುದೇ ಇಲ್ಲ ಎನ್ನಿಸಿತು. ಬೂಟುಗಳು ನಡೆಯುತ್ತಿದ್ದವು, ಒಳಗಿನವರು ಸಣ್ಣ ಹೆಜ್ಜೆ, ಹೊರಗಿನವರು ದೊಡ್ಡ ಹೆಜ್ಜೆ. ಪಡ್ಡೆ ಹುಡುಗನೊಬ್ಬ ಬಾಯಿಗೆ ಬೆರಳಿಟ್ಟುಕೊಂಡ. ನಾನು ಹಾಡಬೇಕೆಂದು ಬಾಯಿ ತೆರೆದೆ. ದನಿಯೇ ಹೊರಡಲಿಲ್ಲ.

ಅಷ್ಟರಲ್ಲಿ ಎದುರುಗಡೆಯ ಜಗಲಿಯಿಂದ ಒಂದು ದನಿ ಎದ್ದಿತು. ಗಟ್ಟಿ ದನಿ, ಆದರೆ ಒರಟಲ್ಲ. ತಿರುವಿನ ರಾಗವನ್ನು 'ಆ…' ಎಂದು ಬಿಡಿಸಿ ಹಾಡುತ್ತಿತ್ತು. ನಾನು ಮುಖ ಹುಡುಕುವ ಮೊದಲೇ ಯಾರೆಂದು ನನಗೆ ಗೊತ್ತಾಯಿತು. ಹಸಿರು ಸೀರೆ ಉಟ್ಟ, ನನಗಿಂತ ಒಂದಷ್ಟು ದೊಡ್ಡವರು, ಕಂಬ ಹಿಡಿದು ನಿಂತಿದ್ದರು. ರಜ ಸಿಕ್ಕಲ್ಲ ಎಂದವರು ಯಾರ ಜೊತೆಗೋ ಡ್ಯೂಟಿ ಬದಲಾಯಿಸಿಕೊಂಡು ಬಂದಿದ್ದರು.

ಆ ಹುಡುಗ ಬೆರಳನ್ನು ಬಾಯಿಂದ ತೆಗೆದ. ಪಕ್ಕದ ಜಗಲಿಯವರೊಬ್ಬರು ದನಿ ಕೂಡಿಸಿದರು, ಆಮೇಲೆ ತಾರಸಿಯಿಂದ ಒಂದಿಬ್ಬರು, ಆಮೇಲೆ ಯಾರು ಯಾರೋ. ಇಷ್ಟು ವರ್ಷ ನಮ್ಮೂರ ದಿಬ್ಬಣಗಳು ಆ ಬೀದಿಗೆ ತಿರುಗಿದ್ದವಲ್ಲ, ಅವರಿಗೂ ಅದು ಬಾಯಿಪಾಠವಾಗಿತ್ತು. ನನ್ನ ಪಕ್ಕದಲ್ಲಿ ಅಮ್ಮನೂ ಹಾಡುತ್ತಿದ್ದಳು, ಕಣ್ಣೀರು ಸುರಿಸಿಕೊಂಡು. ಕೊನೆಗೆ ಬಂದಾಗ ಮಾತ್ರ ದನಿಗಳು ಎರಡಾದವು. ಅಮ್ಮ, ಅಮ್ಮನ ವಯಸ್ಸಿನವರು, ನನ್ನ ನರಸೀಪುರ ಎಲ್ಲ ಮೇಲೆ ಹೋದರು. ಹುಡುಗಿಯರೆಲ್ಲ ಕೆಳಗೆ ಇಳಿದರು.

ಕ್ಲಾರಿನೆಟ್ಟಿನವರು ಆಗಲೇ ತಲೆಯೆತ್ತಿದ್ದರು. ಕ್ಲಾರಿನೆಟ್ಟು ಎದೆಯ ಮೇಲೇ ಇತ್ತು, ತುಟಿಗೆ ಹೋಗಲಿಲ್ಲ. ಆದರೆ ಅವರ ಬೆರಳುಗಳು ಅದರ ಗುಂಡಿಗಳ ಮೇಲೆ ಓಡಾಡುತ್ತಿದ್ದವು, ಹಾಡಿನ ಜೊತೆ ಜೊತೆಗೇ. ಕೊನೆಯಲ್ಲಿ ದನಿ ಒಡೆದಾಗ ಒಂದು ಬೆರಳು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಹಾಗೇ ನಿಂತಿತು. ಡ್ರಮ್ಮು ಬಿತ್ತು, ಸಾಲು ಮುಂದೆ ಹೋಯಿತು.

ಕಪ್ಪು ಬನ್ನೂರಿನವರಿಗೆ ಹೋಯಿತು. ನಡುವೆ ನಿಲ್ಲಿಸಿದ್ದಕ್ಕೆ ಜಡ್ಜುಗಳು ನಮಗೆ ಮಾರ್ಕು ಕಳೆದರು, ಜನ ಹಾಡಿದ್ದು ಬ್ಯಾಂಡಿನ ಲೆಕ್ಕಕ್ಕೆ ಬರುವುದಿಲ್ಲವಂತೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಮತ್ತೆ ಅದೇ ವಾದ. ನಾನು ನರಸೀಪುರವನ್ನು ಹುಡುಕಿಕೊಂಡು ಹೋಗುವಷ್ಟರಲ್ಲಿ ಅವರು ಬೋರ್ಡಿನ ಮುಂದೆ ಕೂರಲು ಓಡಿಹೋಗಿದ್ದರು.

ಅದಾಗಿ ಕೆಲವು ದಿನಕ್ಕೆ ಕ್ಲಾರಿನೆಟ್ಟಿನವರು ನಮ್ಮ ಎಕ್ಸ್‌ಚೇಂಜಿನ ಕೌಂಟರಿಗೆ ಬಂದರು. ಒಗೆದ ಅಂಗಿ ಹಾಕಿದ್ದರು. ಬೇರೆ ಊರಿಗೆ ಟ್ರಂಕ್ ಕಾಲ್ ಮಾಡಬೇಕು ಎಂದರು.

"ಯಾವ ಊರು?" ಎಂದೆ.

"ನರಸೀಪುರ ಕಣವ್ವ."

"ನಂಬರು?"

"ನಂಬ್ರು ಎಲ್ಲದೆ? ಅವತ್ತು ಆಡುದ್ರಲ್ಲ ಆ ಅಮ್ಮ, ನಿಮ್ಮಂಗೇ ಪೋನಿನ ಕೆಲ್ಸದೋರಂತಲ್ಲ, ಅವರೇ ಬೇಕು. ಕೊನೇಲಿ ಮ್ಯಾಕೋಗ್ಬುಟ್ರು. ಅದು ಕೆಳೀಕೆ ಬರ್ಬೇಕು. ಏಳ್ಕೊಟ್ಬುಟ್ಟು ಓಯ್ತೀನಿ. ಆಡಾದಾದ್ರೆ ಸರಿಯಾಗಿ ಆಡ್ಲಿ."

"ಅವರಿಗೆ ಕಲಿಸಿದ್ದು ನಾನು. ನಾನು ಚಿಕ್ಕವಳಿದ್ದಾಗಿನಿಂದ ಕೇಳಿದ್ದು ಹಾಗೇ, ಅದು ಮೇಲೇ ಹೋಗೋದು" ಎಂದೆ. ರಾಗ ಕಟ್ಟಿದವರ ಮುಂದೆಯೇ ವಾದಕ್ಕೆ ನಿಂತಿದ್ದೆ, ನೋಡಿ.

ಅವರು ಕೌಂಟರ್ ಬಿಟ್ಟು ಕದಲಲಿಲ್ಲ. ಆಪರೇಟರಿಗೇ ಕಾಲ್ ಬುಕ್ ಮಾಡುವುದಕ್ಕೆ ರೂಲಿಲ್ಲ. ನಾನು ಸೂಪರ್‌ವೈಸರ ಕಡೆ ತಿರುಗಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಲೈನ್ ಟೆಸ್ಟ್ ಇನ್ನೂ ಆಗಿಲ್ವಲ್ಲಮ್ಮ. ಕೌಂಟರ್ ಫೋನಿನಿಂದಲೂ ಒಂದ್ಸಲ ಟೆಸ್ಟ್ ಮಾಡೋದು ಒಳ್ಳೇದು" ಎಂದರು. ಮತ್ತೆ ಕನ್ನಡಕ ಹಾಕಿಕೊಂಡು ಕಾಗದಗಳನ್ನು ನೋಡತೊಡಗಿದರು.

ನಾನು ಲೈನು ಕೂಡಿಸಿ, ಯಾರು ಮಾತಾಡುತ್ತಾರೆ ಎಂದು ನರಸೀಪುರಕ್ಕೆ ಹೇಳಿದೆ. ಆ ಕಡೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ಈ ಕಡೆ ಕ್ಲಾರಿನೆಟ್ಟಿನವರು ರಿಸೀವರನ್ನು ಎರಡೂ ಕೈಯಲ್ಲಿ, ಒಂದು ಮೇಲೆ ಒಂದು ಕೆಳಗೆ, ಕ್ಲಾರಿನೆಟ್ಟು ಹಿಡಿಯುವ ಹಾಗೆ ಹಿಡಿದರು. "ಆಡವ್ವ, ಕೇಳ್ತೀನಿ" ಎಂದರು.

ನನ್ನ ಹೆಡ್‌ಫೋನಿಗೂ ಅದು ಕೇಳುತ್ತಿತ್ತು. ನರಸೀಪುರದ ದನಿ ಮೊದಲು ನಡುಗಿತು, ಆಮೇಲೆ ಸರಿಹೋಯಿತು. ಕೌಂಟರಿನಲ್ಲಿ ಇವರ ಬೆರಳುಗಳು ರಿಸೀವರಿನ ಮೇಲೆ ಆಡಿದವು. ಕೊನೆಯಲ್ಲಿ ದನಿ ಮೇಲೆ ಹೋಯಿತು, ಬೆರಳು ನಿಂತಿತು. ಈಗ ತಿದ್ದುತ್ತಾರೆ ಎಂದು ನಾನು ಕಾದೆ.

"ಇನ್ನೊಂದು ಕಿತ ಆಡವ್ವ" ಎಂದರು.

ನರಸೀಪುರ ಮತ್ತೆ ಹಾಡಿದರು. ಈ ಸಲ ಇವರು ಕಣ್ಣು ಮುಚ್ಚಿಕೊಂಡರು. ದನಿ ಮೇಲೆ ಹೋದಾಗ ಬೆರಳೂ ಅದರ ಜೊತೆಗೆ ಮೇಲೆ ಎದ್ದಿತು.

"ಸರಿಯಾಗದೆ ಕಣವ್ವ. ಅಂಗೇ ಆಡ್ಕೊಳಿ" ಎಂದು ಹೇಳಿ ಅವರು ರಿಸೀವರನ್ನು ನನ್ನ ಕೈಗೆ ಕೊಟ್ಟರು.

"ತಿದ್ದಲೇ ಇಲ್ಲವಲ್ಲ?" ಎಂದೆ.

ಅವರು ಕೌಂಟರಿನ ಮೇಲೆ ಕೈಯೂರಿ ಸುಧಾರಿಸಿಕೊಂಡರು. "ಸುರೂನಲ್ಲಿ ನಾನೂ ಮ್ಯಾಕೇ ಓಗ್ತಿದ್ದೆ ಕಣವ್ವ. ನೀವು ಸಣ್ಣೋರಾಗಿದ್ದಾಗ ಕೇಳಿರೋದು ಅದೇಯ. ಆಮ್ಯಾಕೆ ಉಸ್ರು ಸಾಲ್ದೆ ಕೆಳೀಕೆ ಇಳ್ಸ್ಕೊಂಡೆ, ಅದೇ ರೂಢಿ ಆಗೋಯ್ತು. ಮ್ಯಾಕೆ ಓಗ್ತಿದ್ದುದ್ದು ನಂಗೇ ಮರ್ತೋಗಿತ್ತು."

ಬಾಗಿಲ ತನಕ ಹೋದವರು ತಿರುಗಿ ನಿಂತರು. "ಲೈನು ಚೆಂದಾಗದೆ, ಬರ್ಕೊಳಿ" ಎಂದರು.